ಮನೆಯಲ್ಲೇ ಚಾಕೊಲೇಟ್ ಕೇಕ್ ಟ್ರಫಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಟ್ರಫಲ್ ಮಾಡಿ ಕೊಟ್ಟರೆ ಜನ ಮೊದಲು ತಿನ್ನುತ್ತಾರೆ, ಆಮೇಲೆ ಪ್ರಶ್ನೆ ಶುರು ಮಾಡುತ್ತಾರೆ. ಆ ಪ್ರಶ್ನೆಗಳೇ ಇವು. ಕೆಲವಕ್ಕೆ ಒಂದೆರಡು ಸಾಲು ಸಾಕಾಯಿತು. ಕೆಲವು ಕಡೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡಿದ್ದೇನೆ, ಯಾಕೆಂದರೆ ನಾನು ಎಡವಿದ್ದೂ ಅಲ್ಲೇ.

ಕೇಕ್ ಟ್ರಫಲ್ ಅಂದರೆ ಏನು? ಮಾಮೂಲಿ ಟ್ರಫಲ್ ಬೇರೆ, ಇದು ಬೇರೆಯಾ?

ಬೇರೆಯೇ. ಮಾಮೂಲಿ ಟ್ರಫಲ್ ಅಂದರೆ ಗನಾಶ್‌ನ ಉಂಡೆ. ಬಿಸಿ ಕ್ರೀಮ್‌ನಲ್ಲಿ ಚಾಕೊಲೇಟ್ ಕರಗಿಸಿ, ತಣಿಸಿ, ಉಂಡೆ ಕಟ್ಟಿ, ಕೋಕೋ ಪುಡಿಯಲ್ಲಿ ಹೊರಳಿಸುತ್ತಾರೆ. ಮಣ್ಣು ಮೆತ್ತಿಕೊಂಡ ಟ್ರಫಲ್ ಅಣಬೆಯ ಹಾಗೆ ಕಾಣುವುದರಿಂದ ಆ ಹೆಸರು. ಕೇಕ್ ಟ್ರಫಲ್‌ನಲ್ಲಿ ಒಳಗಿರುವುದು ಕೇಕ್ ಪುಡಿ. ಗನಾಶ್ ಇಲ್ಲಿ ಪುಡಿಯನ್ನು ಹಿಡಿದುಕೊಳ್ಳುವ ಅಂಟು, ಅಷ್ಟೇ. ಮೇಲೊಂದು ಚಾಕೊಲೇಟ್ ಪದರ. ಇದಕ್ಕೇ ಒಂದು ಕಡ್ಡಿ ಚುಚ್ಚಿದರೆ ಕೇಕ್ ಪಾಪ್.

ಒಂದು ಸಲಕ್ಕೆ ಏನೇನು, ಎಷ್ಟೆಷ್ಟು ಬೇಕು?

500 ಗ್ರಾಂ ಚಾಕೊಲೇಟ್ ಕೇಕ್. ಗನಾಶ್‌ಗೆ 100 ಗ್ರಾಂ ಡಾರ್ಕ್ ಚಾಕೊಲೇಟ್, 100 ಮಿಲಿ ಕ್ರೀಮ್. ಮೇಲಿನ ಪದರಕ್ಕೆ 300 ಗ್ರಾಂ ಚಾಕೊಲೇಟ್. ಒಂದು ಚಿಟಿಕೆ ಉಪ್ಪು. ಇಷ್ಟರಲ್ಲಿ 20 ಗ್ರಾಂ ತೂಕದ ಸುಮಾರು 30 ಉಂಡೆ ಆಗುತ್ತವೆ.

ಎರಡು ಮಾತು. ಗನಾಶ್ ಅಷ್ಟೂ ಖರ್ಚಾಗುವುದಿಲ್ಲ, ಆಗಲೂಬಾರದು. ಮೇಲಿನ 300 ಗ್ರಾಂ ಕೂಡ ಪೂರ್ತಿ ಉಂಡೆಗೆ ಅಂಟುವುದಿಲ್ಲ. ಆದರೆ ಬಟ್ಟಲಲ್ಲಿ ಚಾಕೊಲೇಟ್ ಆಳವಾಗಿದ್ದರೆ ಮಾತ್ರ ಉಂಡೆ ಮುಳುಗುತ್ತದೆ. ತಳದಲ್ಲಿ ಒಂದಿಷ್ಟು ಇಟ್ಟುಕೊಂಡು ಉಂಡೆಯನ್ನು ಅದರಲ್ಲಿ ಉರುಳಿಸುತ್ತಾ ಕೂತರೆ ಮೇಲೆಲ್ಲಾ ಪುಡಿ ಪುಡಿಯಾಗಿ ಕೆಟ್ಟದಾಗಿ ಕಾಣುತ್ತದೆ. ಉಳಿದ ಚಾಕೊಲೇಟ್ ಏನು ಮಾಡಬೇಕು ಅಂತ ಕೊನೆಯಲ್ಲಿ ಹೇಳಿದ್ದೇನೆ.

ಇದಕ್ಕೆ ಅಂತಲೇ ಹೊಸದಾಗಿ ಕೇಕ್ ಮಾಡಬೇಕಾ? ಸರಿಯಾಗಿ ಬರದ ಕೇಕ್ ನಡೆಯುತ್ತಾ?

ಸರಿಯಾಗಿ ಬರದ ಕೇಕ್‌ಗೆ ಇದಕ್ಕಿಂತ ಒಳ್ಳೆ ಗತಿ ಇಲ್ಲ. ನಡುವೆ ಕುಸಿದದ್ದು, ತಟ್ಟೆಗೆ ಅಂಟಿಕೊಂಡು ಚೂರಾದದ್ದು, ಒಂದೆರಡು ದಿನ ಇಟ್ಟು ಒಣಗಿದ್ದು ಎಲ್ಲವೂ ನಡೆಯುತ್ತದೆ. ನಿಜ ಹೇಳಬೇಕೆಂದರೆ ಆಗತಾನೇ ಒಲೆಯಿಂದ ಇಳಿಸಿದ ಕೇಕ್‌ಗಿಂತ ನಿನ್ನೆಯ ಕೇಕ್ ಚೆನ್ನಾಗಿ ಪುಡಿಯಾಗುತ್ತದೆ.

ಎರಡು ಥರದ ಕೇಕ್ ಮಾತ್ರ ಬೇಡ. ಸೀದು ಹೋದದ್ದು ಬೇಡ, ಎಷ್ಟೇ ಚಾಕೊಲೇಟ್ ಸುರಿದರೂ ಆ ಕಹಿ ಹೋಗುವುದಿಲ್ಲ. ಸೀದದ್ದು ಬರೀ ಮೇಲಿನ ಪದರವಾದರೆ ಅದನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಬಳಸಿ. ಇನ್ನೊಂದು, ನಡುವೆ ಬೇಯದೆ ಹಸಿಯಾಗಿ ಉಳಿದದ್ದು. ಹಸಿ ಮೈದಾ, ಹಸಿ ಮೊಟ್ಟೆ ಎರಡೂ ಹೊಟ್ಟೆಗೆ ಒಳ್ಳೆಯದಲ್ಲ, ಮತ್ತು ಟ್ರಫಲ್ ಮಾಡುವಾಗ ಅದು ಮತ್ತೆ ಬೇಯುವುದೂ ಇಲ್ಲ. ಆ ಭಾಗವನ್ನು ಸುಮ್ನೆ ತೆಗೆದುಬಿಡಿ.

ಕ್ರೀಮ್ ಹಚ್ಚಿದ ಕೇಕ್ ಉಳಿದಿದೆ. ಅದರಲ್ಲಿ ಆಗುತ್ತಾ?

ಆಗುತ್ತದೆ, ಆದರೆ ಆ ಕ್ರೀಮ್ ಕೂಡ ಅಂಟೇ ಅನ್ನುವುದನ್ನು ಮರೆಯಬೇಡಿ. ಬೆಣ್ಣೆ ಕ್ರೀಮ್ ಇದ್ದರೆ ಕೇಕ್ ಜೊತೆಗೇ ಕಲಸಿ ನೋಡಿ, ಎಷ್ಟೋ ಸಲ ಗನಾಶ್ ಬೇಕಾಗುವುದೇ ಇಲ್ಲ. ಹಾಲಿನ ಕ್ರೀಮ್ ಬೀಸಿ ಹಚ್ಚಿದ್ದಾದರೆ ಆದಷ್ಟೂ ಕೆರೆದು ತೆಗೆಯಿರಿ, ಅದರಲ್ಲಿ ನೀರಿನಂಶ ಜಾಸ್ತಿ. ಮೇಲೆ ಹಣ್ಣಿನ ಚೂರು ಇದ್ದರೆ ಅದನ್ನೂ ತೆಗೆಯಿರಿ.

ಕೇಕ್ ಎಷ್ಟು ನುಣ್ಣಗೆ ಪುಡಿ ಮಾಡಬೇಕು?

ಒರಟು ರವೆಯ ಹಾಗೆ. ಕೈಯಲ್ಲೇ ಉಜ್ಜಿದರೆ ಸಾಕು, ಎರಡು ತುಂಡು ಕೇಕ್ ಹಿಡಿದು ಒಂದಕ್ಕೊಂದು ತಿಕ್ಕಿದರೆ ಇನ್ನೂ ಸುಲಭ. ಗಟ್ಟಿ ಅಂಚು, ಮೇಲಿನ ಒಣ ಸಿಪ್ಪೆಯಂಥ ಪದರ ಇದ್ದರೆ ಅದನ್ನು ಬೇರೆ ತೆಗೆದಿಡಿ, ಇಲ್ಲದಿದ್ದರೆ ಉಂಡೆಯ ಒಳಗೆ ಕಲ್ಲು ಸಿಕ್ಕಿದ ಹಾಗೆ ಆಗುತ್ತದೆ. ಮಿಕ್ಸಿಗೆ ಹಾಕುವುದಾದರೆ ಒಂದೊಂದು ಸೆಕೆಂಡ್ ತಿರುಗಿಸಿ ನಿಲ್ಲಿಸಿ. ಬಿಡದೆ ತಿರುಗಿಸಿದರೆ ಬ್ಲೇಡಿನ ಕೆಳಗೆ ಕೇಕ್ ಮುದ್ದೆಯಾಗಿ ಅಂಟಿಕೊಳ್ಳುತ್ತದೆ.

ಗನಾಶ್ ಹೇಗೆ ಮಾಡುವುದು? ಕ್ರೀಮ್ ಇಲ್ಲದಿದ್ದರೆ?

ಚಾಕೊಲೇಟನ್ನು ಸಣ್ಣಗೆ ಹೆಚ್ಚಿ ಬಟ್ಟಲಿಗೆ ಹಾಕಿ. ಕ್ರೀಮ್ ಬಿಸಿ ಮಾಡಿ, ಅಂಚಿನಲ್ಲಿ ಗುಳ್ಳೆ ಏಳುತ್ತಿದ್ದ ಹಾಗೇ ಇಳಿಸಿ, ಚಾಕೊಲೇಟ್ ಮೇಲೆ ಸುರಿಯಿರಿ. ಎರಡು ನಿಮಿಷ ಮುಟ್ಟಬೇಡಿ. ಆಮೇಲೆ ನಡುವಿನಿಂದ ಶುರು ಮಾಡಿ ಸಣ್ಣ ಸುತ್ತಿನಲ್ಲಿ ತಿರುಗಿಸುತ್ತಾ ಹೊರಗೆ ಬನ್ನಿ. ಮೊದಲು ಒಡೆದ ಹಾಗೆ ಕಾಣುತ್ತದೆ, ಗಾಬರಿ ಬೇಡ, ಅರ್ಧ ನಿಮಿಷದಲ್ಲಿ ಹೊಳಪು ಬರುತ್ತದೆ. ನಿಜವಾಗಿಯೂ ಒಡೆದು ಎಣ್ಣೆ ಮೇಲೆ ತೇಲಿದರೆ ಒಂದು ಚಮಚ ಬೆಚ್ಚಗಿನ ಹಾಲು ಹಾಕಿ ತಿರುಗಿಸಿ, ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ನಿಮ್ಮ ಕ್ರೀಮ್ ತೆಳು, ಅಂದರೆ 25 ಶೇಕಡಾ ಕೊಬ್ಬಿನದಾದರೆ 100ರ ಬದಲು 75 ಮಿಲಿ ಸಾಕು.

ಕ್ರೀಮ್ ಇಲ್ಲ ಅಂದರೆ ಕಂಡೆನ್ಸ್ಡ್ ಮಿಲ್ಕ್ ಬಳಸಬಹುದು, ಆದರೆ ಸಿಹಿ ಏರುತ್ತದೆ, ಸಿಹಿ ಕಡಿಮೆ ಇರುವ ಕೇಕ್‌ಗೆ ಮಾತ್ರ ಹೊಂದುತ್ತದೆ. ಕ್ರೀಮ್ ಚೀಸ್ ಸ್ವಲ್ಪ ಹುಳಿ ಕೊಡುತ್ತದೆ, ನನಗೆ ಅದು ಇಷ್ಟ. ಹಣ್ಣಿನ ಜಾಮ್ ಕೂಡ ಅಂಟೇ. ಹಾಲು ಬೇಡದವರು ತೆಂಗಿನ ಹಾಲಿನ ಗಟ್ಟಿ ಭಾಗ ತೆಗೆದು ಹಾಲಿಲ್ಲದ ಡಾರ್ಕ್ ಚಾಕೊಲೇಟ್ ಜೊತೆ ಇದೇ ಥರ ಮಾಡಬಹುದು. ಬರೀ ಹಾಲು ಸುರಿದು ಕಲಸುವುದು ಮಾತ್ರ ಬೇಡ. ಒದ್ದೆಯಾಗುತ್ತದೆ, ಅಂಟುವುದಿಲ್ಲ.

ಹದ ಬಂದಿದೆ ಅಂತ ಹೇಗೆ ಗೊತ್ತಾಗುತ್ತದೆ?

ಇಡೀ ಕೆಲಸದಲ್ಲಿ ಇದೊಂದೇ ನಿಜವಾದ ಪ್ರಶ್ನೆ. ಟ್ರಫಲ್ ಕೆಡುವುದು ಚಾಕೊಲೇಟ್‌ನಿಂದಲ್ಲ, ಅಂಟು ಜಾಸ್ತಿ ಆಗುವುದರಿಂದ.

ನಾನು ಮೊದಲ ಸಲ ಮಾಡಿದಾಗ ಪುಡಿ ಒಣಗಿದ ಹಾಗೆ ಕಾಣಿಸಿತು. ಇದು ಹೇಗೆ ಕೂಡಿಕೊಳ್ಳುತ್ತೆ ಅಂದುಕೊಂಡು ಗನಾಶ್ ಅಷ್ಟನ್ನೂ ಒಮ್ಮೆಗೇ ಸುರಿದೆ. ಉಂಡೆ ಚೆನ್ನಾಗಿಯೇ ಬಂತು, ಹೊಳೆಯುತ್ತಿತ್ತು. ಬಿಸಿ ಚಾಕೊಲೇಟ್‌ಗೆ ಅದ್ದಿದ ತಕ್ಷಣ ಫೋರ್ಕ್‌ನ ಕಡ್ಡಿಗಳ ನಡುವೆ ಜಾರಿ, ಬಟ್ಟಲೊಳಗೇ ಕರಗಿ, ಕೆಳಗೆ ಕೆಸರಿನ ಹಾಗೆ ಕೂತಿತು. ಹೊರಗೆ ಉಳಿದ ಉಂಡೆಗಳು ತಟ್ಟೆಯ ಮೇಲೆ ಸಂಜೆಯೊಳಗೆ ಚಪ್ಪಟೆ. ತಿಂದರೆ ಕೇಕ್ ಅನ್ನಿಸಲಿಲ್ಲ, ಬೇಯದ ಹಿಟ್ಟು ತಿಂದ ಹಾಗಿತ್ತು.

ಈಗ ಹೀಗೆ ಮಾಡುತ್ತೇನೆ. 500 ಗ್ರಾಂ ಪುಡಿಗೆ ಮೊದಲು ಮೂರೇ ದೊಡ್ಡ ಚಮಚ ಗನಾಶ್. ಬೆರಳ ತುದಿಯಲ್ಲಿ ಪುಡಿಗೆಲ್ಲಾ ಹತ್ತುವ ಹಾಗೆ ಕಲಸುತ್ತೇನೆ. ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಬಿಗಿಯಾಗಿ ಹಿಡಿದು ಬಿಡುತ್ತೇನೆ. ಬೆರಳು ಬಿಚ್ಚಿದಾಗ ಬೆರಳಿನ ಗುರುತು ಅದರ ಮೇಲೆ ಹಾಗೇ ಇರಬೇಕು. ಹೆಬ್ಬೆರಳಿನಿಂದ ನಡುವೆ ಒತ್ತಿದರೆ ಎರಡು ಹೋಳಾಗಬೇಕು, ಪುಡಿಯಾಗಿ ಉದುರಬಾರದು, ಮೇಣದ ಹಾಗೆ ಬಗ್ಗಲೂಬಾರದು. ಅಂಗೈ ನೋಡಿಕೊಳ್ಳಿ, ಸ್ವಲ್ಪ ಜಿಡ್ಡು ಇದ್ದರೆ ಸರಿ, ಕಪ್ಪಗೆ ಮೆತ್ತಿಕೊಂಡಿದ್ದರೆ ಜಾಸ್ತಿಯಾಗಿದೆ. ಉದುರಿದರೆ ಇನ್ನೊಂದು ಚಮಚ. ಮತ್ತೆ ಹಿಡಿದು ನೋಡಿ. ಒಣ ಕೇಕ್ ಏಳೆಂಟು ಚಮಚ ಕುಡಿಯಬಹುದು, ಎಣ್ಣೆ ಹಾಕಿ ಮಾಡಿದ ಮೆತ್ತಗಿನ ಕೇಕ್‌ಗೆ ಮೂರೇ ಸಾಕಾಗಬಹುದು. ಹಾಗಾಗಿ ಇಷ್ಟೇ ಹಾಕಿ ಅಂತ ಯಾವ ಅಳತೆ ಕೊಟ್ಟರೂ ಅದು ನಿಮ್ಮ ಕೇಕ್‌ಗೆ ಸರಿಹೊಂದುತ್ತದೆ ಅಂತ ನಂಬಬೇಡಿ, ನನ್ನ ಅಳತೆಯನ್ನೂ ಸೇರಿಸಿ.

ಅನುಮಾನ ಬಂದರೆ ನಿಲ್ಲಿಸಿ. ಹತ್ತು ನಿಮಿಷ ಮುಚ್ಚಿಡಿ. ಪುಡಿ ಗನಾಶನ್ನು ನಿಧಾನವಾಗಿ ಎಳೆದುಕೊಳ್ಳುತ್ತದೆ, ಆಗ ಉದುರುತ್ತಿದ್ದದ್ದೇ ಕೂಡಿಕೊಳ್ಳುತ್ತದೆ.

ಆಗಲೇ ಜಾಸ್ತಿ ಹಾಕಿಬಿಟ್ಟೆ. ಏನು ಮಾಡಲಿ?

ಇನ್ನಷ್ಟು ಕೇಕ್ ಪುಡಿ ಇದ್ದರೆ ಅದೇ ಮದ್ದು. ಇಲ್ಲದಿದ್ದರೆ ಸಾದಾ ಬಿಸ್ಕತ್ತು ನುಣ್ಣಗೆ ಪುಡಿ ಮಾಡಿ ಹಾಕಿ, ಅಥವಾ ಒಂದೆರಡು ಚಮಚ ಕೋಕೋ ಪುಡಿ. ಕೋಕೋ ನೀರನ್ನು ಚೆನ್ನಾಗಿ ಹೀರುತ್ತದೆ, ಆದರೆ ಕಹಿಯೂ ಏರುತ್ತದೆ, ನೋಡಿಕೊಂಡು ಹಾಕಿ. ಹಸಿ ಮೈದಾ ಹಾಕಬೇಡಿ. ಇವು ಯಾವುದೂ ಬೇಡ ಅಂದರೆ ಅದನ್ನು ತಟ್ಟೆಯಲ್ಲಿ ಹರಡಿ, ಮೇಲೆ ಕರಗಿಸಿದ ಚಾಕೊಲೇಟ್ ಸುರಿದು, ಫ್ರಿಜ್‌ನಲ್ಲಿ ಗಟ್ಟಿ ಮಾಡಿ ಚೌಕವಾಗಿ ಕತ್ತರಿಸಿ ಕೊಡಿ. ನೀವು ಹೇಳುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಉಂಡೆ ದುಂಡಗೆ ಬರುವುದೇ ಇಲ್ಲವಲ್ಲ?

ಮೊದಲು ಅಂಗೈಯಲ್ಲಿ ಒತ್ತಿ ಗಟ್ಟಿ ಮಾಡಿ, ಆಮೇಲೆ ಉರುಟಿ. ಒತ್ತದೆ ನೇರವಾಗಿ ಉರುಟಿದರೆ ಬಿರುಕು ಉಳಿಯುತ್ತದೆ. ಎಲ್ಲವನ್ನೂ ಒರಟಾಗಿ ಉಂಡೆ ಕಟ್ಟಿ 20 ನಿಮಿಷ ಫ್ರಿಜ್‌ನಲ್ಲಿಟ್ಟು, ತೆಗೆದು ಇನ್ನೊಂದು ಸಲ ಉರುಟಿದರೆ ನುಣುಪಾಗಿ ಬರುತ್ತವೆ. ತೂಕ ಮಾಡಿ ಕಟ್ಟುವುದು ಒಳ್ಳೆಯದು. ಗಾತ್ರ ಒಂದೇ ಇದ್ದರೆ ಎಲ್ಲವೂ ಒಂದೇ ಹೊತ್ತಿಗೆ ತಣ್ಣಗಾಗುತ್ತವೆ.

ಎಷ್ಟು ಹೊತ್ತು ತಣ್ಣಗೆ ಇಡಬೇಕು? ಫ್ರೀಜರ್‌ನಲ್ಲಿ ಇಟ್ಟರೆ ಬೇಗ ಆಗುವುದಿಲ್ಲವಾ?

ಫ್ರಿಜ್‌ನಲ್ಲಿ ಒಂದು ಗಂಟೆ. ಗಡಿಬಿಡಿ ಇದ್ದರೆ ಫ್ರೀಜರ್‌ನಲ್ಲಿ 15 ರಿಂದ 20 ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ಉಂಡೆ ಗಟ್ಟಿಯಾಗಬೇಕು, ಹೆಪ್ಪುಗಟ್ಟಬಾರದು. ಇದರ ಫಲ ಮುಂದೆ ಬಿರುಕಿನ ಪ್ರಶ್ನೆಯಲ್ಲಿ ಕಾಣುತ್ತದೆ.

ಮೇಲಿನ ಪದರಕ್ಕೆ ಯಾವ ಚಾಕೊಲೇಟ್? ಕಂಪೌಂಡ್ ಬಳಸಿದರೆ ತಪ್ಪಾ?

ತಪ್ಪೇನಿಲ್ಲ. ನಿಜವಾದ ಚಾಕೊಲೇಟ್‌ನಲ್ಲಿ ಇರುವ ಕೊಬ್ಬು ಕೋಕೋ ಬೆಣ್ಣೆ. ಕಂಪೌಂಡ್‌ನಲ್ಲಿ ಅದರ ಜಾಗದಲ್ಲಿ ಬೇರೆ ಸಸ್ಯ ಕೊಬ್ಬು ಇರುತ್ತದೆ. ಹಾಗಾಗಿ ಕಂಪೌಂಡ್ ಕರಗಿಸಿ, ಅದ್ದಿ, ಇಟ್ಟರೆ ತಾನೇ ಗಟ್ಟಿಯಾಗುತ್ತದೆ, ಟೆಂಪರಿಂಗ್ ಬೇಡ, ಅಂದರೆ ಲೆಕ್ಕದ ಬಿಸಿಗೆ ಕರಗಿಸಿ ತಣಿಸುವ ಕೆಲಸ ಬೇಡ. ರುಚಿಯಲ್ಲಿ ಮಾತ್ರ ವ್ಯತ್ಯಾಸ ಇದ್ದೇ ಇದೆ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಬಾಯಿಯ ಬಿಸಿ ಅದಕ್ಕಿಂತ ಸ್ವಲ್ಪ ಜಾಸ್ತಿ, ಅದಕ್ಕೇ ನಾಲಿಗೆ ಮೇಲೆ ಇಟ್ಟರೆ ಪೂರ್ತಿ ಕರಗಿ ಹೋಗುತ್ತದೆ. ಎಷ್ಟೋ ಕಂಪೌಂಡ್‌ಗಳು ಅಂಗುಳಕ್ಕೆ ಮೇಣದ ಹಾಗೆ ಸ್ವಲ್ಪ ಹೊತ್ತು ಅಂಟಿಕೊಂಡಿರುತ್ತವೆ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಎರಡು ಸಲ ಕಂಪೌಂಡ್‌ನಲ್ಲೇ ಮಾಡಿ. ಉಂಡೆಯ ಹದ, ಅದ್ದುವ ಕೈ ಎರಡೂ ಬಂದ ಮೇಲೆ ನಿಜವಾದ ಚಾಕೊಲೇಟ್‌ಗೆ ಕೈ ಹಾಕಿ. ಎರಡನ್ನೂ ಅರ್ಧರ್ಧ ಬೆರೆಸುವ ಬುದ್ಧಿವಂತಿಕೆ ಮಾತ್ರ ಬೇಡ. ಆ ಎರಡು ಕೊಬ್ಬು ಒಂದಕ್ಕೊಂದು ಹೊಂದುವುದಿಲ್ಲ, ಮೆತ್ತಗೆ ಉಳಿಯುತ್ತದೆ, ಇಲ್ಲವೇ ಮೇಲೆ ಬಿಳಿಚಿಕೊಳ್ಳುತ್ತದೆ.

ಪ್ಯಾಕೆಟ್ ಹಿಂದೆ ಓದಿದರೆ ಯಾವುದು ಅಂತ ಗೊತ್ತಾಗುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಕೋಕೋ ಬೆಣ್ಣೆ ಇಲ್ಲದೆ ಬರೀ ಸಸ್ಯ ಕೊಬ್ಬು ಅಂತ ಇದ್ದರೆ ಅದು ಕಂಪೌಂಡ್.

ಟೆಂಪರಿಂಗ್ ಮಾಡಲೇಬೇಕಾ? ಥರ್ಮಾಮೀಟರ್ ಇಲ್ಲದೆ ಆಗುತ್ತಾ?

ನಿಜವಾದ ಚಾಕೊಲೇಟ್‌ನಲ್ಲಿ ಅದ್ದಿ, ಹೊರಗೆ ಇಟ್ಟು ಹಂಚುವುದಾದರೆ ಮಾಡಬೇಕು. ಫ್ರಿಜ್‌ನಿಂದ ತೆಗೆದು ತಕ್ಷಣ ತಿನ್ನುವುದಾದರೆ ಬಿಟ್ಟರೂ ನಡೆಯುತ್ತದೆ, ಹೊಳಪು ಇರುವುದಿಲ್ಲ ಅಷ್ಟೇ.

ವಿಷಯ ಇಷ್ಟು. ಕೋಕೋ ಬೆಣ್ಣೆ ಆರು ಥರದಲ್ಲಿ ಹರಳುಗಟ್ಟಬಲ್ಲದು. ನಮಗೆ ಬೇಕಾದದ್ದು ಅದರಲ್ಲಿ ಐದನೆಯದು. ಅದು ಬಂದರೆ ಚಾಕೊಲೇಟ್ ಹೊಳೆಯುತ್ತದೆ, ಮುರಿದರೆ ಟಕ್ ಅನ್ನುತ್ತದೆ, ಮುಟ್ಟಿದ ತಕ್ಷಣ ಕೈಗೆ ಹತ್ತುವುದಿಲ್ಲ. ಉಳಿದ ಥರದ ಹರಳು ಬಂದರೆ ಮಂಕು, ಮೆತು, ಬಿಳಿ ಗೆರೆ. ಟೆಂಪರಿಂಗ್ ಅಂದರೆ ಬೇಕಾದ ಹರಳನ್ನೇ ಬೆಳೆಯಲು ಬಿಡುವುದು.

ಮನೆಯಲ್ಲಿ ಸುಲಭದ ದಾರಿ ಹೀಗಿದೆ. 300 ಗ್ರಾಂ ಡಾರ್ಕ್ ಚಾಕೊಲೇಟ್ ಹೆಚ್ಚಿ, 100 ಗ್ರಾಂ ಪಕ್ಕಕ್ಕೆ ಇಡಿ. 200 ಗ್ರಾಂ ಅನ್ನು 45 ಡಿಗ್ರಿವರೆಗೆ ಕರಗಿಸಿ. ಒಲೆಯಿಂದ ಇಳಿಸಿ, ಪಕ್ಕಕ್ಕಿಟ್ಟ ಚೂರುಗಳನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ತಿರುಗಿಸಿ. ಅವುಗಳಲ್ಲಿ ಸರಿಯಾದ ಹರಳು ಆಗಲೇ ಇದೆ, ಹೆಪ್ಪು ಹಾಕಿದ ಹಾಗೆ ಅದು ಉಳಿದದ್ದಕ್ಕೂ ದಾರಿ ತೋರಿಸುತ್ತದೆ. 31 ರಿಂದ 32 ಡಿಗ್ರಿಗೆ ಇಳಿದಾಗ ಅದ್ದಲು ಸಿದ್ಧ. ಮಿಲ್ಕ್ ಚಾಕೊಲೇಟ್ ಆದರೆ 29 ರಿಂದ 30, ಬಿಳಿಯದಕ್ಕೆ 28 ರಿಂದ 29.

ಥರ್ಮಾಮೀಟರ್ ಇಲ್ಲ ಅಂದರೆ ಕೆಳತುಟಿಯ ಕೆಳಗೆ ಒಂದು ಹನಿ ಮುಟ್ಟಿಸಿ ನೋಡಿ. ಬೆಚ್ಚಗೂ ಅಲ್ಲ, ಸ್ವಲ್ಪ ತಣ್ಣಗೆ ಅನ್ನಿಸಬೇಕು. ಆಮೇಲೆ ಚಾಕುವಿನ ತುದಿಯನ್ನು ಅದ್ದಿ, ಫ್ಯಾನ್ ಇಲ್ಲದ ತಂಪು ಜಾಗದಲ್ಲಿ ಐದು ನಿಮಿಷ ಇಡಿ. ಒಂದೇ ಸಮ ಹೊಳಪಿನಿಂದ ಗಟ್ಟಿಯಾದರೆ ಮುಂದುವರಿಯಿರಿ. ಇನ್ನೂ ಒದ್ದೆಯಾಗಿದ್ದರೆ, ಗೆರೆ ಗೆರೆಯಾಗಿದ್ದರೆ ಇನ್ನಷ್ಟು ಚೂರು ಹಾಕಿ ತಿರುಗಿಸಿ. ಅಡುಗೆಮನೆಯೇ 28 ಡಿಗ್ರಿ ಮೇಲೆ ಇದ್ದರೆ ಈ ಪರೀಕ್ಷೆಯನ್ನು ನೆಚ್ಚಬೇಡಿ, ಆ ದಿನ ಕಂಪೌಂಡ್ ತೆಗೆಯಿರಿ.

ಕರಗಿಸುವಾಗ ಚಾಕೊಲೇಟ್ ಇದ್ದಕ್ಕಿದ್ದ ಹಾಗೆ ಗಟ್ಟಿಯಾಗಿ ಮುದ್ದೆಯಾಯಿತು. ಯಾಕೆ?

ನೀರು. ಒಂದೆರಡು ಹನಿ ಸಾಕು. ಚಾಕೊಲೇಟ್ ಅಂದರೆ ಕೊಬ್ಬಿನಲ್ಲಿ ತೇಲುತ್ತಿರುವ ಸಕ್ಕರೆ ಮತ್ತು ಕೋಕೋ ಕಣಗಳು. ಸ್ವಲ್ಪವೇ ನೀರು ಬಿದ್ದರೆ ಸಕ್ಕರೆ ಒದ್ದೆಯಾಗಿ ಅಂಟಾಗುತ್ತದೆ, ಕಣಗಳೆಲ್ಲಾ ಒಂದಕ್ಕೊಂದು ಅಂಟಿಕೊಂಡು ಮರಳಿನಂಥ ಮುದ್ದೆಯಾಗುತ್ತದೆ. ತಮಾಷೆ ಅಂದರೆ, ಇನ್ನೂ ಜಾಸ್ತಿ ದ್ರವ ಹಾಕಿದರೆ ಸರಿಹೋಗುತ್ತದೆ. ಬಿಸಿ ಹಾಲು ಅಥವಾ ಕ್ರೀಮ್ ಒಂದೊಂದೇ ಚಮಚ ಹಾಕಿ ತಿರುಗಿಸಿದರೆ ಮತ್ತೆ ನುಣುಪಾಗುತ್ತದೆ. ಆದರೆ ಆಗ ಅದು ಗನಾಶ್. ಅದ್ದಲು ಬರುವುದಿಲ್ಲ, ಮುಂದಿನ ಉಂಡೆಗೆ ಅಂಟಾಗಿ ಬಳಸಿ.

ನೀರು ಎಲ್ಲಿಂದ ಬರುತ್ತದೆ ಅಂತ ಕೇಳಬಹುದು. ನಾನು ಸುಮ್ನೆ ಒರೆಸಿ ತೆಗೆದುಕೊಂಡ ಚಮಚದ ಹಿಡಿಯ ಸಂದಿಯಿಂದ ಬಂದಿತ್ತು ಒಂದು ಸಲ. ಮರದ ಚಮಚವಂತೂ ಒಳಗೇ ತೇವ ಇಟ್ಟುಕೊಂಡಿರುತ್ತದೆ. ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಕರಗಿಸುವಾಗ ಬಟ್ಟಲು ಪಾತ್ರೆಗಿಂತ ಅಗಲವಾಗಿರಲಿ, ಆವಿ ಪಕ್ಕದಿಂದ ಏರಿ ಒಳಗೆ ಬೀಳಬಾರದು. ಬಟ್ಟಲಿನ ತಳ ನೀರಿಗೆ ತಾಗಬಾರದು. ನೀರು ಕುದಿಯಬಾರದು, ಹೊಗೆಯಾಡಿದರೆ ಸಾಕು. ಬಟ್ಟಲನ್ನು ಎತ್ತಿದ ಮೊದಲ ಕೆಲಸ ಅದರ ತಳ ಒರೆಸುವುದು.

ಮೈಕ್ರೋವೇವ್ ಇದ್ದರೆ ಈ ತಾಪತ್ರಯವೇ ಇಲ್ಲ. ಅರ್ಧ ಶಕ್ತಿಗೆ ಇಟ್ಟು 30 ಸೆಕೆಂಡ್, ತೆಗೆದು ತಿರುಗಿಸಿ, ಆಮೇಲೆ 15 ಸೆಕೆಂಡ್‌ನ ಹಾಗೆ. ಚೂರು ಚೂರು ಉಳಿದಿರುವಾಗಲೇ ನಿಲ್ಲಿಸಿ, ಉಳಿದ ಬಿಸಿಯಲ್ಲೇ ಕರಗುತ್ತದೆ. ಚಾಕೊಲೇಟ್ ಕರಗಿದರೂ ಆಕಾರ ಬಿಡುವುದಿಲ್ಲ, ಅದನ್ನು ನೋಡಿ ಇನ್ನೂ ಕರಗಿಲ್ಲ ಅಂತ ಬಿಸಿ ಮಾಡುತ್ತಾ ಹೋದರೆ ನಡುವೆ ಸೀದುಹೋಗುತ್ತದೆ. ಬಿಳಿ ಚಾಕೊಲೇಟ್ ಇನ್ನೂ ನಾಜೂಕು.

ಕರಗಿದ ಚಾಕೊಲೇಟ್ ತುಂಬಾ ಮಂದ. ತೆಳು ಮಾಡಲು ಏನು ಹಾಕಲಿ?

200 ಗ್ರಾಂಗೆ ಒಂದು ಸಣ್ಣ ಚಮಚ ವಾಸನೆ ಇಲ್ಲದ ಎಣ್ಣೆ ಅಥವಾ ಕೋಕೋ ಬೆಣ್ಣೆ. ನೀರು, ಹಾಲು ಬೇಡವೇ ಬೇಡ, ಯಾಕೆ ಅಂತ ಮೇಲೆ ಹೇಳಿದ್ದೇನೆ. ಅಡುಗೆಯ ಬೆಣ್ಣೆಯಲ್ಲೂ ನೀರಿರುತ್ತದೆ, ಅದೂ ಬೇಡ. ಎಣ್ಣೆ ಹಾಕಿದಷ್ಟೂ ಪದರ ಮೆತ್ತಗಾಗುತ್ತದೆ ಅನ್ನುವುದು ನೆನಪಿರಲಿ.

ಅದ್ದುವುದು ಹೇಗೆ? ಪ್ರತಿ ಸಲ ಕೆಳಗೆ ಪಾದದ ಹಾಗೆ ಹರಡಿಕೊಳ್ಳುತ್ತದೆ.

ಕಿರಿದಾದ, ಆಳದ ಬಟ್ಟಲು ತೆಗೆದುಕೊಳ್ಳಿ. ಉಂಡೆಯನ್ನು ಚಾಕೊಲೇಟ್‌ಗೆ ಬಿಡಿ, ಫೋರ್ಕ್‌ನಿಂದ ಮೇಲೆ ಚಾಕೊಲೇಟ್ ಸುರಿದು ಮುಚ್ಚಿ, ಫೋರ್ಕ್ ಅನ್ನು ಅಡಿಗೆ ಕೊಟ್ಟು ಎತ್ತಿ. ಚುಚ್ಚಬೇಡಿ. ಫೋರ್ಕ್‌ನ ಕತ್ತನ್ನು ಬಟ್ಟಲಿನ ಅಂಚಿಗೆ ಏಳೆಂಟು ಸಲ ಮೆಲ್ಲಗೆ ತಟ್ಟಿ. ಪ್ರತಿ ತಟ್ಟಿಗೂ ಉಂಡೆಯ ಮೇಲಿಂದ ಒಂದು ಅಲೆ ಇಳಿದು ಹೋಗುವುದು ಕಾಣುತ್ತದೆ, ಅಲೆ ನಿಂತಾಗ ಸಾಕು. ಫೋರ್ಕ್‌ನ ಅಡಿಯನ್ನು ಅಂಚಿಗೆ ಒರೆಸಿ. ಬಟರ್ ಪೇಪರ್ ಮೇಲೆ ಫೋರ್ಕ್ ಓರೆ ಮಾಡಿ, ಉಂಡೆಯ ಒಂದು ಬದಿ ಪೇಪರ್‌ಗೆ ತಾಗಿಸಿ, ಫೋರ್ಕ್ ಹಿಂದಕ್ಕೆ ಎಳೆಯಿರಿ. ಪಾದ ಬರುವುದು ಎರಡೇ ಕಾರಣಕ್ಕೆ, ಸರಿಯಾಗಿ ತಟ್ಟದೇ ಇದ್ದದ್ದು ಅಥವಾ ಚಾಕೊಲೇಟ್ ತೀರಾ ಬಿಸಿ ಇದ್ದದ್ದು.

ಅಲಂಕಾರದ ಚೂರು, ಬೀಜದ ಪುಡಿ ಏನಾದರೂ ಉದುರಿಸುವುದಿದ್ದರೆ ಮೂರು ಮೂರು ಉಂಡೆಗೆ ಒಮ್ಮೆ ಉದುರಿಸಿ. ಎಲ್ಲವನ್ನೂ ಅದ್ದಿ ಆಮೇಲೆ ಅಂತ ಬಿಟ್ಟರೆ ಮೊದಲಿನವು ಆಗಲೇ ಗಟ್ಟಿಯಾಗಿರುತ್ತವೆ, ಉದುರಿಸಿದ್ದೆಲ್ಲಾ ಪೇಪರ್ ಮೇಲೆ.

ಗಟ್ಟಿಯಾದ ಮೇಲೆ ಬಿರುಕು ಬಿಡುತ್ತದೆ.

ಉಂಡೆ ತೀರಾ ತಣ್ಣಗಿತ್ತು. ತಣ್ಣನೆ ಉಂಡೆ ಹೊರಗಿನ ಬಿಸಿಗೆ ನಿಧಾನವಾಗಿ ಹಿಗ್ಗುತ್ತದೆ. ಅದೇ ಹೊತ್ತಿಗೆ ಮೇಲಿನ ಚಾಕೊಲೇಟ್ ಗಟ್ಟಿಯಾಗುತ್ತಾ ಕುಗ್ಗುತ್ತದೆ. ಎರಡರ ಜಗಳದಲ್ಲಿ ಪದರ ಸೀಳುತ್ತದೆ. ಫ್ರಿಜ್‌ನಿಂದ ತೆಗೆದ ಉಂಡೆಯನ್ನು 10 ರಿಂದ 15 ನಿಮಿಷ ಹೊರಗಿಟ್ಟು ಆಮೇಲೆ ಅದ್ದಿ. ಮುಟ್ಟಿದರೆ ಗಟ್ಟಿ ಇರಬೇಕು, ಬೆರಳಿಗೆ ಕೊರೆಯಬಾರದು. ಉಂಡೆಯ ಮೇಲೆ ನೀರಿನ ಹನಿ ಕಂಡರೆ ಮೆಲ್ಲಗೆ ಒತ್ತಿ ಒರೆಸಿ. ಆಗಲೇ ಸೀಳಿದ್ದರೆ ಅದರ ಮೇಲೆ ಬೇರೆ ಬಣ್ಣದ ಚಾಕೊಲೇಟ್ ಎಳೆ ಎಳೆಯಾಗಿ ಬಿಡಿ, ಮುಚ್ಚಿಹೋಗುತ್ತದೆ.

ಸಣ್ಣ ತೂತಿನಿಂದ ಎಣ್ಣೆ ಅಥವಾ ಕಂದು ರಸ ಹೊರಗೆ ಬರುತ್ತಿದೆ?

ಪದರದಲ್ಲಿ ಎಲ್ಲೋ ಸೂಜಿಮೊನೆಯಷ್ಟು ಜಾಗ ಬಿಟ್ಟುಹೋಗಿದೆ. ಅಂಟು ಜಾಸ್ತಿಯಾದ ಉಂಡೆಯಲ್ಲಿ ಇದು ಜಾಸ್ತಿ. ಬೆರಳ ತುದಿಯಲ್ಲಿ ಚಾಕೊಲೇಟ್ ತೆಗೆದು ಅಲ್ಲಿಗೆ ಒತ್ತಿ. ಮುಂದಿನ ಸಲ ಅದ್ದುವ ಮೊದಲು ಅಂಗೈಗೆ ಸ್ವಲ್ಪ ಕರಗಿದ ಚಾಕೊಲೇಟ್ ಹಚ್ಚಿಕೊಂಡು ಉಂಡೆಯನ್ನು ಅದರಲ್ಲಿ ಹೊರಳಿಸಿ ಒಂದು ತೆಳು ಪದರ ಕೊಡಿ, ಒಣಗಿದ ಮೇಲೆ ಅದ್ದಿ. ಕೈ ಗಲೀಜಾಗುತ್ತದೆ. ಆದರೆ ಪುಡಿ ಬಟ್ಟಲಿಗೆ ಉದುರುವುದೂ ನಿಲ್ಲುತ್ತದೆ.

ಮೇಲೆ ಬಿಳಿ ಕಲೆ ಬಂದಿದೆ. ಬೂಷ್ಟಾ?

ಸಾಮಾನ್ಯವಾಗಿ ಅಲ್ಲ. ಬೂಷ್ಟು ನಾರು ನಾರಾಗಿ, ಹತ್ತಿಯ ಹಾಗೆ ಕಾಣುತ್ತದೆ, ವಾಸನೆಯೂ ಬೇರೆ. ಹಾಗಿದ್ದರೆ ಎಸೆಯಿರಿ. ಮಂಕಾದ ಬಿಳಿ ಪೊರೆಯಾದರೆ ಅದಕ್ಕೆ ಬ್ಲೂಮ್ ಅನ್ನುತ್ತಾರೆ, ತಿನ್ನಬಹುದು. ಅದರಲ್ಲಿ ಎರಡು ಜಾತಿ. ಬೆರಳಲ್ಲಿ ಉಜ್ಜಿದರೆ ಕರಗಿ ಮಾಯವಾದರೆ ಕೊಬ್ಬು, ಟೆಂಪರಿಂಗ್ ಸರಿ ಆಗಿಲ್ಲ ಅಥವಾ ಬಿಸಿಯಲ್ಲಿ ಇಟ್ಟಿದ್ದೀರಿ. ಒರಟಾಗಿ ಹಾಗೇ ಉಳಿದರೆ ಸಕ್ಕರೆ, ಫ್ರಿಜ್‌ನಿಂದ ತೆಗೆದಾಗ ಮೇಲೆ ನೀರು ಕೂತು ಸಕ್ಕರೆಯನ್ನು ಕರಗಿಸಿ ಆರಿದೆ.

ಈ ಅದ್ದುವ ಗೋಜೇ ಬೇಡ ಅಂದರೆ?

ಕೋಕೋ ಪುಡಿಯಲ್ಲಿ ಹೊರಳಿಸಿ, ಮುಗಿಯಿತು. ನನಗಂತೂ ಇದೇ ಜಾಸ್ತಿ ಇಷ್ಟ, ಒಳಗಿನ ಕೇಕ್ ಸಿಹಿಗೆ ಹೊರಗಿನ ಕಹಿ ಸರಿಯಾಗಿ ಕೂರುತ್ತದೆ. ಬಡಿಸುವ ಹೊತ್ತಿಗೆ ಹೊರಳಿಸಿ, ಮೊದಲೇ ಮಾಡಿಟ್ಟರೆ ಪುಡಿ ತೇವ ಎಳೆದು ಕಪ್ಪಾಗುತ್ತದೆ. ಹುರಿದ ಬೀಜದ ಪುಡಿ, ತುರಿದ ಚಾಕೊಲೇಟ್, ಒಣ ಕೊಬ್ಬರಿ ತುರಿ ಕೂಡ ಆಗುತ್ತದೆ. ಬೀಜ ಬಳಸಿದರೆ ತಿನ್ನುವವರಿಗೆ ಮೊದಲೇ ಹೇಳಿಬಿಡಿ, ಅಲರ್ಜಿ ಇರುವವರು ಉಂಡೆ ನೋಡಿ ಒಳಗೇನಿದೆ ಅಂತ ಕಂಡುಹಿಡಿಯಲು ಆಗುವುದಿಲ್ಲ ಅಲ್ವಾ.

ಬರೀ ಸಿಹಿ ಅನ್ನಿಸುತ್ತದೆ. ರುಚಿ ಹೆಚ್ಚಿಸಲು?

ಮೊದಲು ಉಪ್ಪು, ಒಂದು ಚಿಟಿಕೆ. ಆಮೇಲೆ ಕಾಫಿ. ಗನಾಶ್‌ನ ಬಿಸಿ ಕ್ರೀಮ್‌ಗೆ ಅರ್ಧ ಚಮಚ ಇನ್‌ಸ್ಟಂಟ್ ಕಾಫಿ ಪುಡಿ ಹಾಕಿದರೆ ಕಾಫಿ ರುಚಿ ಗೊತ್ತಾಗುವುದಿಲ್ಲ, ಚಾಕೊಲೇಟ್ ರುಚಿ ಏರುತ್ತದೆ. ಕಿತ್ತಳೆ ಸಿಪ್ಪೆಯ ಮೇಲ್ಪದರ ತುರಿದು ಹಾಕಿದರೂ ಚೆನ್ನ, ಬಿಳಿ ಭಾಗ ಬರದಂತೆ. ಹಸಿ ಹಣ್ಣಿನ ಚೂರು ಒಳಗೆ ಇಡಬೇಡಿ, ನೀರು ಬಿಡುತ್ತದೆ. ಕೇಕ್ ಸಿಹಿ ಇದ್ದರೆ ಮೇಲಿನ ಪದರಕ್ಕೆ ಡಾರ್ಕ್ ಚಾಕೊಲೇಟ್ ಸಾಕು, ಸಿಹಿಯ ಮೇಲೆ ಸಿಹಿ ಯಾಕೆ.

ಬಿಳಿ ಚಾಕೊಲೇಟ್‌ಗೆ ಬಣ್ಣ ಹಾಕಿದೆ, ಮುದ್ದೆಯಾಯಿತು.

ನೀರಿನ ಬಣ್ಣ ಹಾಕಿದ್ದೀರಿ. ಎಣ್ಣೆಯಲ್ಲಿ ಕರಗುವ ಬಣ್ಣ ಅಥವಾ ಪುಡಿ ಬಣ್ಣ ಬೇಕು.

ಮೊಟ್ಟೆ ಇಲ್ಲದ ಕೇಕ್ ಆಗುತ್ತಾ?

ಧಾರಾಳವಾಗಿ. ಮೊಟ್ಟೆ ಇಲ್ಲದ ಕೇಕ್ ಸಾಮಾನ್ಯವಾಗಿ ಬೇಗ ಪುಡಿಯಾಗುತ್ತದೆ, ಇಲ್ಲಿ ಅದೇ ಅನುಕೂಲ.

ಎಷ್ಟು ದಿನ ಇಡಬಹುದು?

ಕ್ರೀಮ್ ಹಾಕಿದ್ದು, ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿ ಐದಾರು ದಿನ. ಕ್ರೀಮ್ ಚೀಸ್ ಆದರೆ ನಾಲ್ಕು ದಿನದೊಳಗೆ ಮುಗಿಸಿ. ಬಡಿಸುವಾಗ ಒಂದೆರಡು ಗಂಟೆ ಹೊರಗಿದ್ದರೆ ತೊಂದರೆ ಇಲ್ಲ, ರಾತ್ರಿಯಿಡೀ ಹೊರಗೆ ಬಿಡಬೇಡಿ. ಫ್ರೀಜರ್‌ನಲ್ಲಿ ಒಂದು ತಿಂಗಳು ಚೆನ್ನಾಗಿರುತ್ತವೆ. ಅಲ್ಲಿಂದ ತೆಗೆಯುವಾಗ ಮುಚ್ಚಳ ತೆಗೆಯದೆ ಹಿಂದಿನ ರಾತ್ರಿ ಫ್ರಿಜ್‌ಗೆ ಇಳಿಸಿ, ಬೆಳಿಗ್ಗೆ ಹೊರಗೆ ಇಟ್ಟು, ಡಬ್ಬಿ ಹೊರಗಿನ ಬಿಸಿಗೆ ಬಂದ ಮೇಲೆ ತೆರೆಯಿರಿ. ಆಗ ನೀರು ಡಬ್ಬಿಯ ಹೊರಗೆ ಕೂರುತ್ತದೆ, ಟ್ರಫಲ್ ಮೇಲಲ್ಲ. ಫ್ರಿಜ್‌ನಲ್ಲಿ ಈರುಳ್ಳಿ ಪಕ್ಕದಲ್ಲಿ ಇಡಬೇಡಿ, ಚಾಕೊಲೇಟ್ ಪಕ್ಕದವರ ವಾಸನೆಯನ್ನು ಬೇಗ ಹಿಡಿಯುತ್ತದೆ.

ಮನೆಯಲ್ಲಿ ನಾಯಿ ಇದ್ದರೆ ಡಬ್ಬಿ ಎತ್ತರದಲ್ಲಿರಲಿ. ಚಾಕೊಲೇಟ್‌ನಲ್ಲಿರುವ ಥಿಯೋಬ್ರೋಮಿನ್ ನಾಯಿಗೆ ವಿಷ, ಡಾರ್ಕ್ ಚಾಕೊಲೇಟ್‌ನಲ್ಲಿ ಅದು ಇನ್ನೂ ಜಾಸ್ತಿ.

ಅದ್ದಿ ಉಳಿದ ಚಾಕೊಲೇಟ್, ಉಳಿದ ಗನಾಶ್ ಏನು ಮಾಡಲಿ?

ಚಾಕೊಲೇಟನ್ನು ಬಟರ್ ಪೇಪರ್ ಮೇಲೆ ತೆಳ್ಳಗೆ ಹರಡಿ, ಗಟ್ಟಿಯಾದ ಮೇಲೆ ಮುರಿದು ಡಬ್ಬಿಗೆ ಹಾಕಿ. ಕೇಕ್ ಪುಡಿ ಬೆರೆತಿರುತ್ತದೆ, ಹಾಗಾಗಿ ಮತ್ತೆ ಅದ್ದಲು ಬೇಡ, ಮುಂದಿನ ಗನಾಶ್‌ಗೆ ಹಾಕಿ, ಪುಡಿ ಇದ್ದರೂ ಅಲ್ಲಿ ಯಾರೂ ಕೇಳುವುದಿಲ್ಲ. ಗನಾಶ್ ಫ್ರಿಜ್‌ನಲ್ಲಿ ಒಂದೈದು ದಿನ ಇರುತ್ತದೆ, ಬಿಸಿ ಹಾಲಿಗೆ ಎರಡು ಚಮಚ ಹಾಕಿ ಕಲಕಿದರೆ ಕುಡಿಯಲು ಚಾಕೊಲೇಟ್ ಹಾಲು. ಬಟ್ಟಲನ್ನು ತೊಳೆಯುವ ಮೊದಲು ಬಿಸಿ ಹಾಲನ್ನು ಅದಕ್ಕೇ ಸುರಿದರೆ ಇನ್ನೂ ಒಳ್ಳೆಯದು, ಅಂಚಿಗೆ ಮೆತ್ತಿದ್ದೂ ಬಿಟ್ಟುಕೊಂಡು ಬರುತ್ತದೆ.